ಮಲಗುವ ಕೋಣೆಯ ಸಿಮೆಂಟ್

ಲುವಾನ್ಶ್ಯಾ,
ನವೆಂಬರ್ 19, ಭಾನುವಾರ, ಚರ್ಚಿನಿಂದ ಬಂದ ಮೇಲೆ

ಪ್ರೀತಿಯ ಕಸೊಂಡೆಯ ಅಪ್ಪನಿಗೆ,

ಹುಷಾರಾಗಿದ್ದೀರಾ? ಕೆಮ್ಮು ಹೋಯಿತೇ? ಸೊಲ್ವೇಜಿಯ ಗಣಿಯಲ್ಲಿ ಧೂಳು ಹೆಚ್ಚು, ಲಾರಿ ಓಡಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ ನಗುತ್ತೀರಿ. ಹೊತ್ತಿಗೆ ಸರಿಯಾಗಿ ಮುದ್ದೆ ಬೇಯಿಸಿಕೊಳ್ಳುತ್ತೀರಾ, ಇಲ್ಲ ಬ್ರೆಡ್ಡು, ಚಹಾದಲ್ಲೇ ದಿನ ತಳ್ಳುತ್ತೀರಾ? ನಾನು ಚೆನ್ನಾಗಿದ್ದೇನೆ, ನಿದ್ದೆಯೊಂದು ಕಡಿಮೆ. ಈ ಕಾಗದ ಕಸೊಂಡೆಯ ಕೈಯಲ್ಲಿ ಬರೆಸಿದ್ದಲ್ಲ, ನಾನೇ ಬರೆದದ್ದು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ತಪ್ಪಿದ್ದರೆ ನುಂಗಿಕೊಳ್ಳಿ. ಫೋನಿನಲ್ಲಿ ನೀವು ನಗಿಸಿಬಿಡುತ್ತೀರಿ, ಹೇಳಬೇಕಾದದ್ದು ಹೇಳದೇ ಫೋನ್ ಇಟ್ಟುಬಿಡುತ್ತೇನೆ.

ಮಳೆ ಶುರುವಾಗಿದೆ. ಹಿತ್ತಲಲ್ಲಿ ಕುಂಬಳದ ಬಳ್ಳಿ ಚಿಗುರಿದೆ, ನೀವು ಬರುವ ಹೊತ್ತಿಗೆ ಸೊಪ್ಪು ಕೊಯ್ಯಬಹುದು, ಶೇಂಗಾ ಕುಟ್ಟಿ ಇಟ್ಟಿದ್ದೇನೆ. ಕಸೊಂಡೆ ನನ್ನ ಭುಜದವರೆಗೆ ಬೆಳೆದಿದ್ದಾಳೆ. ಹೋದ ಕ್ರಿಸ್ಮಸ್ಸಿಗೆ ನೀವು ಅಂಗಿಗೆಂದು ಕಳಿಸಿದ ದುಡ್ಡಿನಲ್ಲಿ ನಾನು ಅಂಗಿ ತರಲಿಲ್ಲವಲ್ಲ, ಅವಳು ಅದೇ ಹಳೆಯದರ ಅಂಚು ಬಿಚ್ಚಿ ಉದ್ದ ಮಾಡಿಕೊಂಡಿದ್ದಾಳೆ. ಜಗಳ ಆಡಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ.

ನಿಮಗೆ ಗೊತ್ತು, ನಾನು ಸುಮ್ಮನೆ ಜಿಪುಣಿ ಆದವಳಲ್ಲ. ನನ್ನ ಅಪ್ಪನನ್ನು ಗಣಿಯ ಕೆಲಸದಿಂದ ತೆಗೆದಾಗ ಮನೆಯಲ್ಲಿ ಹೊಸ ಸೋಫಾ ಇತ್ತು, ಡಬ್ಬದಲ್ಲಿ ಹಿಟ್ಟಿರಲಿಲ್ಲ. ಹದಿನೈದು ದಿನ ಅಪ್ಪ ನಮಗೆ ಹೇಳಲೇ ಇಲ್ಲ. ಬೆಳಿಗ್ಗೆ ಬೂಟು ಹಾಕಿಕೊಂಡು, ಅಮ್ಮ ಕಟ್ಟಿಕೊಟ್ಟ ಬುತ್ತಿ ಹಿಡಿದು ಹೋಗುತ್ತಿದ್ದರು, ರೈಲ್ವೆ ಹಳಿಯ ಪಕ್ಕ ಒಬ್ಬರೇ ಕೂತು ಸಂಜೆ ಬರುತ್ತಿದ್ದರು. ಆಮೇಲೆ ಸೋಫಾ ಹೋಯಿತು, ಅದರ ಹಿಂದೆ ನನ್ನ ಶಾಲೆ ಹೋಯಿತು. ಅದಕ್ಕೇ ನಿಮಗೆ ಕೆಲಸ ಸಿಕ್ಕಿದ ದಿನವೇ ನನಗೆ ಅದು ಹೋಗುವ ದಿನದ ಭಯ ಹುಟ್ಟಿತು. ಹಿತ್ತಲಲ್ಲಿ ಎರಡು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟರೆ ಎಂಥ ದಿನ ಬಂದರೂ ಹಿಟ್ಟಿಗೆ ತೊಂದರೆಯಿಲ್ಲ ಎಂದುಕೊಂಡೆ. ಕೈಯಲ್ಲಿ ದುಡ್ಡಿಟ್ಟರೆ ನೆಂಟರಿಗೆ ವಾಸನೆ ಹೊಡೆಯುತ್ತದೆ, ಒಂದು ವಾರ ಸಾವು, ಇನ್ನೊಂದು ವಾರ ಮದುವೆ. ಸಿಮೆಂಟ್ ಮೂಟೆ ಕೊಡಿ ಎಂದು ಯಾರು ಬರುತ್ತಾರೆ? ಹಾಗಾಗಿ ನೀವು ಕೋಳಿ ತಿನ್ನಿ ಎಂದು ಕಳಿಸಿದ್ದೂ ಸಿಮೆಂಟಾಯಿತು, ನನ್ನ ಚಪ್ಪಲಿಯೂ ಸಿಮೆಂಟಾಯಿತು.

ಮೂವರೂ ಬಸ್ಸಿನಲ್ಲಿ ಲಿವಿಂಗ್‌ಸ್ಟನ್‌ಗೆ ಹೋಗಿ ಜಲಪಾತ ನೋಡೋಣ ಎಂದು ನೀವು ಎಷ್ಟು ಆಸೆಯಿಂದ ಕೇಳಿದಿರಿ. ಇನ್ನು ಎರಡೇ ಮೂಟೆ, ಎಲ್ಲ ಸೇರಲಿ, ಒಟ್ಟಿಗೇ ಕೆಲಸ ಹಿಡಿಸೋಣ ಎಂದೆ. ನಿಮ್ಮ ಬದಿಯಲ್ಲಿ ಮೂಟೆ ಒಟ್ಟಿ ಮಂಚವನ್ನು ಗೋಡೆಗೆ ತಳ್ಳಿದ್ದೆನಲ್ಲ, ನೀವು ಕಾಲು ಮಡಿಸಿಕೊಂಡು ಮಲಗಿ, “ಲೇ, ನಾಳೆ ನಾಳೆ ಅಂತ ಇವತ್ತನ್ನೂ ಮೂಟೆ ಕಟ್ಟಿಟ್ಬಿಟ್ಯಲ್ಲೇ. ನನ್ನ ಮೊಣಕಾಲಿಗಾದ್ರೂ ಬಾಡಿಗೆಗೆ ಒಂದು ಜಾಗ ಕೊಡು” ಅಂದಿರಿ. ನಾನು ನಕ್ಕೆ. ನೀವು ಹೋದ ಮೇಲೆ ಅತ್ತುಬಿಟ್ಟೆ, ಅದು ನಿಮಗೆ ಗೊತ್ತಿಲ್ಲ.

ಈಗ ರೇಡಿಯೋದಲ್ಲಿ ನಿಮ್ಮ ಕಡೆಯ ಗಣಿಗಳಿಂದ ಜನರನ್ನು ಮನೆಗೆ ಕಳಿಸುತ್ತಿದ್ದಾರೆ ಎಂದು ಹೇಳುತ್ತಾರೆ. ನೀವು ಮಂಗಳವಾರ ಹಗಲಲ್ಲಿ ಫೋನ್ ಮಾಡಿ, “ಎಲ್ಲಾ ಚೆನ್ನಾಗಿದೆ, ನೀನು ತಲೆ ಕೆಡಿಸ್ಕೋಬೇಡ” ಅಂದಿರಿ. ಆ ಹೊತ್ತಿನಲ್ಲಿ ನೀವು ಲಾರಿಯಲ್ಲಿರಬೇಕಿತ್ತು. ಇಂಜಿನ್ನಿನ ಸದ್ದೇ ಇರಲಿಲ್ಲ. ನಿಮ್ಮ ಹಿಂದೆ ಕೋಳಿ ಕೂಗಿತು. ಎಲ್ಲಿದ್ದೀರಿ ಎಂದು ನಾನು ಕೇಳಲಿಲ್ಲ. ಅಂದಿನಿಂದ ಕಣ್ಣು ಮುಚ್ಚಿದರೆ ಅಪ್ಪನ ಬುತ್ತಿಯೇ ಕಾಣುತ್ತದೆ.

ಕಸೊಂಡೆ ನಿಮಗೆ ಮುತ್ತು ಕಳಿಸಿದ್ದಾಳೆ. ಕಾಗದವನ್ನು ನಾಳೆ ಬೆಳಗಿನ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತೇನೆ. ದೇವರು ನಿಮ್ಮ ಮೇಲೆ ಕಣ್ಣಿಟ್ಟಿರಲಿ, ನನ್ನ ಕಣ್ಣಂತೂ ದಾರಿಯ ಮೇಲೇ ಇದೆ.

ನಿಮ್ಮ,
ಕಸೊಂಡೆಯ ಅಮ್ಮ

ಮರೆತೆ ಎಂದು ಸುಳ್ಳು ಹೇಳುವುದಿಲ್ಲ, ಧೈರ್ಯ ಬಂದದ್ದು ಈಗ. ಗುರುವಾರ ಮೇಸ್ತ್ರಿ ಫ್ವಾಲೊನನ್ನು ಕರೆಸಿದೆ, ನಿಮ್ಮ ಕೆಲಸ ಹೋಗುವ ಮೊದಲೇ ಕೋಣೆ ಏಳಲಿ ಎಂದು. ಅವನು ಒಳಗೆ ಬಂದು, “ಏನಮ್ಮಾ, ಗಂಡನ್ನ ಸೊಲ್ವೇಜಿಗೆ ಅಟ್ಟಿ ಸಿಮೆಂಟಿಗೆ ಹಾಸಿಗೆ ಹಾಕಿದ್ದೀಯಾ?” ಎಂದು ನಕ್ಕ. ಮೂಟೆಗೆ ಸುತ್ತಿಗೆಯಿಂದ ಹೊಡೆದು ನೋಡಿ ನಗು ನಿಲ್ಲಿಸಿದ. ಎರಡು ಮಳೆಗಾಲದ ತೇವ ಕುಡಿದು ಮೂಟೆಗಳು ಕಲ್ಲಾಗಿವೆ. ಹದಿನಾಲ್ಕರಲ್ಲಿ ಮೂರು ಮಾತ್ರ ಪುಡಿಯಾಗಿ ಉಳಿದಿವೆ. “ಮೂರು ಮೂಟೆ ಇದ್ದಾಗಲೇ ಕರೆದಿದ್ರೆ ಒಂದು ಕೋಣೆ ಎದ್ದು, ಇಷ್ಟೊತ್ತಿಗೆ ಅದರ ಬಾಡಿಗೆನೇ ಇನ್ನೊಂದನ್ನ ಎತ್ತಿಸ್ತಿತ್ತು” ಅಂದ. ಈ ಮೂರರಲ್ಲಿ ಅವನು ನಾಳೆಯೇ ಒಂದು ಕೋಣೆಗೆ ಕೈ ಹಾಕುತ್ತಾನೆ, ಸಣ್ಣದೇ ಆಗಲಿ. ಕಲ್ಲಾದ ಹನ್ನೊಂದನ್ನು ನಾನೂ ಕಸೊಂಡೆಯೂ ಉರುಳಿಸಿಕೊಂಡು ಬಂದು ಬಾಗಿಲ ಮುಂದೆ ಸಾಲಾಗಿ ಇಟ್ಟಿದ್ದೇವೆ. ಇವತ್ತು ಕೋಳಿ ಕೊಯ್ದು ಅವುಗಳ ಮೇಲೆ ಕೂತೇ ತಿಂದೆವು, ತೊಡೆಯ ಭಾಗ ನಿಮಗೆಂದು ಎತ್ತಿಟ್ಟು, ಆಮೇಲೆ ಅದನ್ನೂ ತಿಂದೆವು. ನಿಮ್ಮನ್ನು ಕೆಲಸದಿಂದ ತೆಗೆದಿದ್ದರೆ ಅಲ್ಲಿ ಯಾರದೋ ಕೋಳಿಗಳ ನಡುವೆ ಒಬ್ಬರೇ ಕೂತಿರಬೇಡಿ, ಬೂಟು ಹಾಕಿಕೊಂಡು ನೇರವಾಗಿ ಮನೆಗೆ ಬನ್ನಿ. ಮಂಚವನ್ನು ಗೋಡೆಯಿಂದ ಈಚೆಗೆ ಎಳೆದಿದ್ದೇನೆ. ನಿಮ್ಮ ಬದಿಯಲ್ಲಿ ಈಗ ಕಾಲು ಚಾಚುವಷ್ಟು ಜಾಗವಿದೆ.