ಏರಿ ಗುರುತಿನ ಕಲ್ಲುಗಳು

೪-೧-೮೬, ಶನಿವಾರ. ಅಫಜಲಪುರ ಕ್ಯಾಂಪ್
ಇವತ್ತೂ ಜಗದೇವಪ್ಪನ ಮನೆಯಿಂದ ರೊಟ್ಟಿ, ಶೇಂಗಾ ಹಿಂಡಿ ಬಂತು. ತಿಂದೆ. ಅನುಮಾನ ಮಾತ್ರ ಅರಗಲಿಲ್ಲ. ಊರ ಸಾಹುಕಾರ. ನಾನು ಸರ್ವೆ ಮಾಡುತ್ತಿರುವ ಕೆರೆಯಾದರೆ ಇವನ ಹೊಲವೂ ಮುಳುಗುತ್ತದೆ. ಸುಮ್ಮನೆ ಯಾರು ಉಣಿಸುತ್ತಾರೆ?
ಏರಿ ಹೋಗುವ ಸಾಲಿಗೆ ಸುಣ್ಣ ಬಳಿದ ಐದು ಕಲ್ಲು ನೆಡಿಸಿದ್ದಾಯಿತು. ಹದಿಮೂರಕ್ಕೆ ದೊಡ್ಡ ಸಾಹೇಬರು ಬಂದು ನೋಡುತ್ತಾರೆ. ಒಪ್ಪಿದರೆ ಎಸ್ಟಿಮೇಟ್. ಇಲ್ಲದಿದ್ದರೆ ನನ್ನ ಕಥೆ ಮುಗಿಯಿತು.

೮-೧-೮೬
ಕಲ್ಲುಗಳಿಲ್ಲ! ಐದೂ ಮಾಯ. ಸರ್ವೆ ಸರಪಳಿ ಹಿಡಿಯುವ ಧರ್ಮಣ್ಣನನ್ನು ಕೇಳಿದೆ.
"ನಾ ಮುಟ್ಟಿಲ್ರಿ ಸಾಹೇಬ್ರ. ದೇವ್ರಾಣಿ."
ಆಣೆ ಯಾಕೆ ಬೇಕಿತ್ತು? ನಿನ್ನೆ ಜಗದೇವಪ್ಪನ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿದ್ದವನು ಇವನೇ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಎಲ್ಲರೆದುರು ಬೈದೆ. ನಾಳೆಯಿಂದ ಬರಬೇಡ ಅಂದೆ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ. ತಪ್ಪಿಲ್ಲದವನು ಜಗಳಾಡಬೇಕಿತ್ತಲ್ಲ...

೧೦-೧-೮೬, ಎಳ್ಳ ಅಮಾವಾಸ್ಯೆ
ಊರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ. ಕೆಲಸವಿಲ್ಲ. ರೇವಮ್ಮ ಊಟಕ್ಕೆ ಕರೆದಳು — ಇರುವ ಒಂದೇ ಹೊಲವನ್ನು ಕೆರೆಗೆ ಕಳೆದುಕೊಳ್ಳುವವಳು. ಹೋದೆ. ಬನ್ನಿ ಗಿಡದ ಕೆಳಗೆ ಐದು ಕಲ್ಲು. ಅರಿಶಿನ, ಕುಂಕುಮ. ಎದುರಿಗೆ ಕಡುಬು, ಭಜ್ಜಿ. ಕುಂಕುಮದ ಕೆಳಗೆ ನಮ್ಮ ಸುಣ್ಣ!
"ಪಾಂಡವರ್ರಿ ಇವು. ವರ್ಷಾ ಈ ದಿನ ಹೊಲದಾಗ ಐದು ಕಲ್ಲಿಟ್ಟು ಪೂಜಿ ಮಾಡ್ತೇವಿ. ಮುಂದಿನ ವರ್ಷ ಹೊಲಾನೇ ಇರಂಗಿಲ್ಲ. ಕಡೀ ಪೂಜಿ ನೋಡ್ರಿ, ನಿಮ್ಮ ಕಲ್ಲು ಛಂದ ಕಂಡ್ವು, ತಂದೇನಿ. ತಗ್ಗು ಹಂಗೇ ಅವ. ಹೊಳ್ಳಿ ಇಡ್ತೇನಿ, ಉಣ್ರಿ."
ನಮ್ಮ ತುಮಕೂರಿನ ಕಡೆ ಈ ಪದ್ಧತಿಯಿಲ್ಲ. ಧರ್ಮಣ್ಣನಿಗೂ ಹೊಳೆಯಲಿಲ್ಲವೇ? ಹೊಳೆಯುವಷ್ಟು ಹೊತ್ತು ನಾನೆಲ್ಲಿ ಕೊಟ್ಟೆ! ನಾಚಿಕೆಯಾಯಿತು.

೧೨-೧-೮೬
ಧರ್ಮಣ್ಣನ ಮನೆಗೆ ಹೋದೆ. ತಪ್ಪಾಯಿತು, ಕೆಲಸಕ್ಕೆ ಬಾ ಅಂದೆ.
"ಬರ್ತೇನ್ರಿ, ಹೊಟ್ಟಿ ಅದಲ್ಲ. ಆದ್ರ ನಾಳಿ ಮತ್ತೇನರ ಕಾಣದಿದ್ರ, ಮೊದಲ ನನ್ನ ಮಾರೀನೇ ನೋಡ್ತೀರಿ."
ಛೆ, ಇಲ್ಲ ಮಾರಾಯ ಅಂದೆ. ಮನಸ್ಸಿನಿಂದಲೇ ಅಂದೆ.

೧೩-೧-೮೬, ಬೆಳಿಗ್ಗೆ
ಸಾಹೇಬರ ಜೀಪು ಇನ್ನೂ ಬಂದಿಲ್ಲ. ಏರಿ ಸಾಲಿನಲ್ಲೇ ಕೂತು ಬರೆಯುತ್ತಿದ್ದೇನೆ. ರೇವಮ್ಮ ನಿನ್ನೆಯೇ ಕಲ್ಲುಗಳನ್ನು ತಂದು ನೆಟ್ಟಿದ್ದಾಳಂತೆ. ಎಣಿಸಿದೆ. ನಾಲ್ಕು. ಮತ್ತೆ ಎಣಿಸಿದೆ. ನಾಲ್ಕೇ. ತಲೆಯೆತ್ತಿದೆ... ಧರ್ಮಣ್ಣ ಸರಪಳಿ ಹಿಡಿದು ನನ್ನನ್ನೇ ನೋಡುತ್ತ ನಿಂತಿದ್ದ. ನಾನು ಮೊದಲು ನೋಡಿದ್ದು ಅವನ ಮುಖವನ್ನೇ.