ಹಲ್ಲಲ್ಲಿ ಕಚ್ಚಿದ ಸ್ಕ್ರೂಡ್ರೈವರ್

ಮಾರ್ಚ್ ೧೧, ಮಂಗಳವಾರ

ನನ್ನ ನಾಲಿಗೆಗೆ ಲಂಗುಲಗಾಮು ಬೇಡವೇ?

ಅಪ್ಪನಿಗೆ ಈಗ ಎದುರು ನಿಂತು ಕೂಗಿದರೂ ಅರ್ಧಂಬರ್ಧ ಕೇಳುತ್ತದೆ. ಆದರೆ ಸ್ಕ್ರೂಡ್ರೈವರ್ ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ತುದಿಯನ್ನು ಓಡುವ ಎಂಜಿನ್‌ಗೆ ಒತ್ತಿದರೆ, ಕಬ್ಬಿಣದ ಸದ್ದು ಮೂಳೆ ಹಿಡಿದು ನೇರ ತಲೆಯೊಳಗೆ ಬರುತ್ತದಂತೆ. ಬೆಳಿಗ್ಗೆ ನಮ್ಮ ಗ್ಯಾರೇಜಿನಲ್ಲಿ, ಕರಕರ ಸದ್ದು ಅಂತ ರಿಪೇರಿಗೆ ಬಂದ ಟೀಚರಮ್ಮನ ಕಾರಿಗೆ ಹಾಗೇ ಮಾಡಿ, "ವಾಟರ್ ಪಂಪಿನ ಬೇರಿಂಗ್ ಹೋಗಿದೆ ಕಣೋ" ಅಂದರು.

"ಅವರಿಗೆ ಕಿವೀನೇ ಕೇಳಲ್ಲ ಮೇಡಂ, ಸುಮ್ನೆ ಏನೋ ಹೇಳ್ತಾರೆ" ಅಂದೆ ನಾನು. ಟೀಚರಮ್ಮ ನಕ್ಕರು, ನಾನೂ ನಕ್ಕೆ. ನಾವು ನಗುವುದನ್ನು ನೋಡಿ ಅಪ್ಪನೂ ನಕ್ಕರು.

ಸದ್ದು ಆಲ್ಟರ್ನೇಟರ್‌ದೇ ಅಂತ ಹಟ ಹಿಡಿದು ಇಡೀ ದಿನ ಅದನ್ನೇ ಬಿಚ್ಚಿ ಜೋಡಿಸಿದೆ. ಕೊನೆಗೆ ಪಂಪ್ ಕಳಚಿದರೆ ಬೇರಿಂಗ್ ಪುಡಿಪುಡಿ.

ಊಟಕ್ಕೆ ಕೂತಾಗ ಅಪ್ಪ, "ಬೆಳಿಗ್ಗೆ ಏನೋ ತಮಾಷೆ ಮಾಡಿದ್ಯಲ್ಲ, ನನಗೂ ಹೇಳೋ" ಅಂದರು.

"ಏನಿಲ್ಲಪ್ಪ" ಅಂದೆ. ಕೇಳಿಸಲಿಲ್ಲ. ಜೇಬಿನಿಂದ ಅದೇ ಸ್ಕ್ರೂಡ್ರೈವರ್ ತೆಗೆದು ಹಿಡಿ ಕಚ್ಚಿಕೊಂಡರು. ತುದಿಯನ್ನು ಮೆತ್ತಗೆ ನನ್ನ ಗದ್ದಕ್ಕೆ ಆನಿಸಿ, ಹೇಳು ಅನ್ನುವಂತೆ ಹುಬ್ಬೇರಿಸಿದರು.

ಬೆಳಿಗ್ಗೆ ಅಂದಿದ್ದನ್ನು ಹೇಳಿಬಿಡೋಣ ಅಂತ ಬಾಯಿ ತೆರೆದೆ. ಗದ್ದ ಮಾತ್ರ ನಡುಗುತ್ತಿತ್ತು. ಅಷ್ಟು ಕೇಳಿಸಿರಬೇಕು. ಆಮೇಲೆ ಅಪ್ಪ ನಗಲಿಲ್ಲ.

ನಾಳೆ ಹೇಗೆ ಅವರ ಮುಖ ನೋಡಲಿ?