ಗಾಳಿಗೆ ಹಾರದ ಕಂಬಳಿ

ಕನ್ನೊಳ್ಳಿ, ಸಿಂದಗಿ ತಾಲ್ಲೂಕು
ಸೋಮವಾರ, ೧೩ ಜನವರಿ ೨೦೨೫

ಮುದ್ದಿನ ಮೊಮ್ಮಗಳು ಪಲ್ಲವಿಗೆ,

ನಿನ್ನ ಮುತ್ಯಾ ಧೂಳಪ್ಪ ತಲೆ ಮೇಲೆ ಕೈ ಇಟ್ಟು ಹರಸಿದ್ದಾನೆ ಎಂದು ತಿಳಿ. ಹೇಗಿದ್ದೀ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಆ ಹಾಸ್ಟೆಲಿನ ಸಾರು ನೋಡಿ ಮುಖ ತಿರುಗಿಸಿ ಮಲಗಿಬಿಡುತ್ತೀಯೋ? ಎಡಗೈ ಬೆರಳಿಗೆ ಸೂಜಿ ಚುಚ್ಚಿ ಕೀವಾಗಿತ್ತಲ್ಲ, ಅದು ಮಾಯಿತೇ? ನೀನು ನಮ್ಮ ಫೋನ್ ತೆಗೆಯುವುದನ್ನು ಬಿಟ್ಟು ಇಪ್ಪತ್ತು ದಿನವಾಯಿತು. ನಿಮ್ಮವ್ವ ರಾಜಶ್ರೀಗೆ ಮಾತ್ರ ಆಗೊಮ್ಮೆ ಈಗೊಮ್ಮೆ ಮಾತಾಡುತ್ತೀ, ಅದೂ ಎರಡು ಮಾತು. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಕಾಗದವನ್ನು ಸ್ವಿಚ್ ಆಫ್ ಮಾಡುವುದು ನಿನಗೆ ಬರುವುದಿಲ್ಲ. ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ಕೈ ಇದು, ಇನ್ನೂ ಒಂದು ಅಕ್ಷರವೂ ಗೆರೆ ದಾಟಿಲ್ಲ, ನೋಡಿಕೋ.

ಇಲ್ಲಿ ಎಲ್ಲರೂ ಆರಾಮ. ಚಳಿಗೆ ನಿಮ್ಮ ಆಯಿಯ ಮೊಣಕಾಲು ನೋವು ಸ್ವಲ್ಪ ಹೆಚ್ಚಾಗಿದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಹೋದ ವಾರದವರೆಗೂ ರಾಟಿಯ ಮುಂದೆ ಕೂತು ಕೂದಲೆಳೆಯಂಥ ಉಣ್ಣೆ ನೂಲು ತೆಗೆಯುತ್ತಾ ನನ್ನನ್ನು ಬೈಯುತ್ತಿದ್ದಳು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬಂದೆವು. ನಿನ್ನ ಪಾಲಿನ ಶೇಂಗಾ ಹೋಳಿಗೆಯನ್ನು ಆಯಿ ಡಬ್ಬಿಯಲ್ಲಿ ಎತ್ತಿಟ್ಟಿದ್ದಳು. ನೀನು ಬರುವ ಸುದ್ದಿಯೇ ಇಲ್ಲದ್ದರಿಂದ ನಾಲ್ಕನೇ ದಿನ ನಾನೇ ತಿಂದೆ, ಅದಕ್ಕೂ ಬೈಸಿಕೊಂಡೆ. ಕರಿ ಕುರಿ ಎರಡು ಮರಿ ಹಾಕಿದೆ, ಒಂದು ಮರಿಯ ಹಣೆ ಮೇಲೆ ಬಿಳಿ ಚುಕ್ಕೆ ಇದೆ. ನನ್ನ ಕಣ್ಣು ಹೇಗಿವೆ ಎಂದು ಅವ್ವನನ್ನು ಮತ್ತೆ ಮತ್ತೆ ಕೇಳುತ್ತೀಯಂತೆ. ನೀನು ಕಳಿಸಿದ ಕಣ್ಣಿನ ಔಷಧದ ಸೀಸೆ ಗೂಡಿನಲ್ಲಿ ಭದ್ರವಾಗಿದೆ. ಆ ವಿಷಯ ಆಮೇಲೆ ಬರೆಯುತ್ತೇನೆ.

ಮೊದಲು ನಿನ್ನ ವಿಷಯ. ಹೊಲಿಗೆ ಯಂತ್ರವನ್ನು ರೂಮಿನ ಗೆಳತಿಗೆ ಕೊಟ್ಟು, ಈ ತಿಂಗಳು ಮುಗಿದ ಮೇಲೆ ಯಾವುದೋ ಮೊಬೈಲ್ ಅಂಗಡಿಗೆ ಕೆಲಸಕ್ಕೆ ಸೇರುತ್ತೀಯಂತೆ. "ಇನ್ನ ಸೂಜಿ ಮುಟ್ಟಂಗಿಲ್ಲಬೇ ಯವ್ವಾ" ಎಂದು ಅವ್ವನ ಮುಂದೆ ಅತ್ತುಬಿಟ್ಟೆಯಂತೆ. ಇದನ್ನು ಕೇಳಿದಾಗಿನಿಂದ ನನಗೆ ಅನ್ನ ರುಚಿಸಿಲ್ಲ. ಐದು ವರ್ಷದವಳಿದ್ದಾಗ ನನ್ನ ಮಗ್ಗದ ಗುಂಡಿಯ ಅಂಚಿನಲ್ಲಿ ಕೂತು, ಹಳೇ ಕಂಬಳಿಯ ತುಂಡಿನಲ್ಲಿ ಮೇಕೆಮರಿಗೆ ಅಂಗಿ ಹೊಲಿದವಳು ನೀನು. ಮೇಕೆ ಅದನ್ನು ತಿಂದುಹಾಕಿತು. ನೀನು ಅಳಲಿಲ್ಲ, ಮತ್ತೊಂದು ಹೊಲಿದೆ. ಈಗ ಸಿನಿಮಾದ ನಾಯಕನಿಗೆ ಮೊದಲ ಸಲ ನೀನೇ ಉಡುಪು ಮಾಡಿದೆ, ಜನ ಅದನ್ನು ನೋಡಿ ನಕ್ಕರು. ಅಷ್ಟಕ್ಕೆ ಕೈಬಿಟ್ಟೆ. ನಾಯಕನ ಬೆನ್ನಿಗೆ ರೇಷ್ಮೆ ಬೇಡ, ನಮ್ಮ ಕರಿ ಕಂಬಳಿಯೇ ಇರಲಿ ಎಂದು ಅಷ್ಟು ದೊಡ್ಡ ಜನರ ಮುಂದೆ ಹಟ ಹಿಡಿದು ಗೆದ್ದವಳು ನೀನೇ ಅಲ್ಲವೇ? ಕಂಬಳಿ ಹೇಗಿರಬೇಕೆಂದು ನೀನು ಚೀಟಿ ಬರೆದು ಕಳಿಸಿದೆ, ನಾನು ನೇಯ್ದು ಬಸ್ಸಿಗೆ ಹಾಕಿದೆ. ಆ ಸಿನಿಮಾದ ಬಗ್ಗೆ ಯಾರ್ಯಾರೋ ಬರೆದರು, ಯಾರ್ಯಾರೋ ಮಾತಾಡಿದರು. ಕಂಬಳಿ ನೇಯ್ದವನನ್ನು ಮಾತ್ರ ಒಬ್ಬರೂ ಕೇಳಲಿಲ್ಲ. ಆದ್ದರಿಂದ ನನ್ನ ಅಭಿಪ್ರಾಯವನ್ನು ನಾನೇ ಬರೆಯುತ್ತೇನೆ.

ಅದನ್ನು ನಾನು ಮೂರು ಸಲ ನೋಡಿದ್ದೇನೆ. ಮೊದಲನೆಯ ಸಲ ಸಿಂದಗಿಯಲ್ಲಿ, ಪಕ್ಕದ ಮನೆಯ ಅಮೀನುದ್ದೀನನ ಜೊತೆ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನು, ಟಾಕೀಸಿನಲ್ಲೂ ಎಲ್ಲರೂ ಸರಿಯಾಗಿ ಕೂತಿದ್ದಾರೋ ಇಲ್ಲವೋ ಎಂದು ತಿರುಗಿ ತಿರುಗಿ ನೋಡುತ್ತಿದ್ದ. ಎರಡನೆಯ ಸಲ ನಿಮ್ಮ ಆಯಿಯನ್ನು ಕರೆದುಕೊಂಡು ಹೋದೆ. "ಈ ವಯಸ್ಸಿನ್ಯಾಗ ಮುದುಕಗ ಸಿನಿಮಾ ಹುಚ್ಚು ಹಿಡದೈತಿ" ಎನ್ನುತ್ತಲೇ ಹೊಸ ಇಳಕಲ್ ಸೀರೆ ಉಟ್ಟು ಬಂದಳು. ಐದನೇ ದಿನ ಸಿಂದಗಿಯಲ್ಲಿ ತೆಗೆದುಬಿಟ್ಟರು. ಇಂಡಿಯಲ್ಲಿ ಇನ್ನೂ ನಡೆಯುತ್ತಿದೆ ಎಂದು ಗೊತ್ತಾಗಿ, ತಾಂಬಾ ಊರಿನ ಮೇಲೆ ಹೋಗುವ ಬಸ್ಸು ಹಿಡಿದು ಒಬ್ಬನೇ ಅಲ್ಲಿಗೂ ಹೋದೆ. ಒಟ್ಟು ಒಂಬತ್ತು ಜನ ಇದ್ದೆವು. ಅದರಲ್ಲಿ ಇಬ್ಬರು ನಿದ್ದೆ ಮಾಡಲು ಬಂದವರು.

ಪಂಚಾಯಿತಿ ಗ್ರಂಥಾಲಯಕ್ಕೆ ಬರುವ ಪತ್ರಿಕೆಯಲ್ಲಿ ಅದಕ್ಕೆ ಒಂದೂವರೆ ನಕ್ಷತ್ರ ಕೊಟ್ಟಿದ್ದರು. ನಕ್ಷತ್ರವನ್ನು ಅರ್ಧ ಮಾಡುವುದು ಹೇಗೋ, ಅದನ್ನು ಬರೆದವರೇ ಬಲ್ಲರು. ಕತೆ ನಿಧಾನ, ನಾಯಕ ಸಿಡಿಲು ಹೊಡೆದು ಶಕ್ತಿ ಬಂದ ಮೇಲೂ ಹತ್ತು ನಿಮಿಷ ತಂತಿ ರಿಪೇರಿ ಮಾಡುತ್ತಾ ಕೂರುತ್ತಾನೆ, ಇವನೆಂಥ ಮಹಾಶೂರ ಎಂದು ಬರೆದಿದ್ದರು. ಪಲ್ಲವಿ, ನನಗೆ ಬಹಳ ಹಿಡಿಸಿದ್ದೇ ಆ ಹತ್ತು ನಿಮಿಷ. ಅವನು ಲೈನ್‌ಮನ್. ಕಂಬದ ಮೇಲಿದ್ದಾಗ ಸಿಡಿಲು ಹೊಡೆಯಿತು, ಮೈಯಲ್ಲಿ ಆನೆಯ ಬಲ ಬಂತು. ಆದರೂ ಊರಲ್ಲಿ ಕತ್ತಲೆ ಇದೆಯಲ್ಲ! ಮೊದಲು ತಂತಿ ಜೋಡಿಸಿ, ಮನೆಗಳಲ್ಲಿ ದೀಪ ಹತ್ತಿದ್ದನ್ನು ಕಂಡ ಮೇಲೆಯೇ ಹಾರಿಹೋದ. ಹಿಡಿದ ಕೆಲಸ ಮುಗಿಸಿ ಹಾರುವವನನ್ನು ನಾನು ಮೊದಲ ಸಲ ನೋಡಿದ್ದು. ಬೆಳೆ ಒಣಗುವಾಗ ತ್ರೀಫೇಸ್ ಕರೆಂಟಿಗಾಗಿ ಕಾದು ಕೂತವರನ್ನು ಕೇಳಿ ಆ ನಕ್ಷತ್ರ ಕೊಡಬೇಕಿತ್ತು. ಖಳನಾಯಕನ ಉದ್ದೇಶ ಸ್ಪಷ್ಟವಿಲ್ಲ ಎಂದೂ ಬರೆದಿದ್ದರು. ಮೋಡ ಹಿಡಿದಿಟ್ಟು ಮಳೆ ಮಾರುತ್ತೇನೆ ಎಂದು ಅವನು ಮೂರು ಸಲ ಬಾಯಿಬಿಟ್ಟು ಹೇಳುತ್ತಾನೆ, ಇನ್ನೆಷ್ಟು ಸ್ಪಷ್ಟ ಬೇಕು? ಹಾಗೆಂದು ಎಲ್ಲವನ್ನೂ ಹೊಗಳುವವನಲ್ಲ ನಾನು. ಹಿಮದ ಗುಡ್ಡದ ಮೇಲಿನ ಹಾಡು ಬೇಕಿರಲಿಲ್ಲ. ನಾಯಕ ಬೆಚ್ಚಗೆ ಕಂಬಳಿ ಹೊದ್ದಿದ್ದಾನೆ, ಆ ಹುಡುಗಿ ಪಾಪ ಈರುಳ್ಳಿ ಸಿಪ್ಪೆಯಂಥ ಸೀರೆಯಲ್ಲಿ ಕುಣಿಯುತ್ತಾಳೆ. ಅವಳಿಗೂ ಒಂದು ಕೊಡಿಸಬಾರದಿತ್ತೇ ನೀನು?

ಇನ್ನು ಹಾರುವ ದೃಶ್ಯ. ಸುಳ್ಳು ಬರೆಯುವುದಿಲ್ಲ, ಜನ ನಕ್ಕರು. ನಾಯಕ ಟವರಿನ ಮೇಲಿಂದ ಜಿಗಿದ. ಕೂದಲು ಹಾರಿತು, ಅಂಗಿ ಹಾರಿತು, ಕಂಬಳಿ ಮಾತ್ರ ಬೆನ್ನಿಗೆ ಜೋತುಬಿದ್ದು ಅಲುಗಾಡಲಿಲ್ಲ. "ಹಸಿ ಗೋಣಿಚೀಲ ಹೊತ್ಕೊಂಡು ಹೊಂಟಾನಲೇ!" ಎಂದು ಹಿಂದಿನಿಂದ ಒಬ್ಬ ಕೂಗಿದ, ಇಡೀ ಟಾಕೀಸು ಗೊಳ್ಳೆಂದಿತು. ಅಮೀನುದ್ದೀನ ಎದ್ದು ನಿಂತು, "ಸುಮ್ಮ ಕೂಡ್ರಿ, ಇಲ್ಲಾ ಇಳೀರಿ ಕೆಳಗ" ಎಂದು ಗದರಿಸಿದ. ಬಸ್ಸಿನ ಅಭ್ಯಾಸ, ಹೋಗಿಲ್ಲ. ನಾನು ಏಳಲಿಲ್ಲ. ನನ್ನ ಚಪ್ಪಲಿ ನೋಡುತ್ತಾ ಕೂತಿದ್ದೆ. ಇಂಡಿಯಲ್ಲಂತೂ ಆ ದೃಶ್ಯ ಬರುವ ಮೊದಲೇ ಚಹಾ ಕುಡಿಯಲು ಎದ್ದು ಹೋದೆ.

ಆದರೆ ಪ್ರವಾಹದ ದೃಶ್ಯಕ್ಕೆ ಸರಿಯಾಗಿ ಒಳಗೆ ಬಂದೆ. ಊರೆಲ್ಲ ಮುಳುಗಿದೆ, ಮಾಳಿಗೆಯ ಮೇಲೆ ಒಬ್ಬ ಮುದುಕಿ ಕೂಸನ್ನು ಅವುಚಿಕೊಂಡು ಕೂತಿದ್ದಾಳೆ, ಮೇಲಿಂದ ಜಡಿಮಳೆ. ನಾಯಕ ಇಳಿದು ಬಂದು, ತನ್ನ ಕಂಬಳಿ ತೆಗೆದು, ಕೊಪ್ಪೆ ಮಡಿಸಿ ಅವಳ ತಲೆಯ ಮೇಲೆ ಹಾಕುತ್ತಾನೆ. ಎಡ ಅಂಚು ಒಳಗೆ, ಬಲ ಅಂಚು ಮೇಲೆ, ಮೂಲೆಗೆ ಒಂದು ಸಣ್ಣ ತಿರುವು. ಮೊದಲ ಸಲ ನೋಡಿದಾಗಲೇ ನಾನು ಇಲ್ಲಿ ನೆಟ್ಟಗೆ ಕೂತಿದ್ದೆ. ಅದು ನಮ್ಮ ಮನೆಯ ಮಡಿಕೆ. ನಮ್ಮಪ್ಪ ನನಗೆ ಕಲಿಸಿದ್ದು, ಕುರಿ ಹಿಂದೆ ಮಳೆಯಲ್ಲಿ ನಡೆಯುವಾಗ ನಾನು ನಿನಗೆ ಕಲಿಸಿದ್ದು. ಅಷ್ಟು ದೊಡ್ಡ ನಟನ ಕೈ ಹಿಡಿದು ನೀನು ಅದನ್ನು ಕಲಿಸಿದ್ದೀ ಎಂದು ಆಗ ತಿಳಿಯಿತು. ಮಳೆ ಕಂಬಳಿಯ ಮೇಲೆ ಬಿದ್ದು ಜಾರಿ ಹೋಗುತ್ತಿತ್ತು, ಒಳಗೆ ಕೂಸು ಕಣ್ಣು ಮುಚ್ಚಿ ಮಲಗಿತು. ಸಿಂದಗಿಯಲ್ಲಿ ನಗುತ್ತಿದ್ದವರೆಲ್ಲ ಆ ಹೊತ್ತಿಗೆ ಸುಮ್ಮನಾಗಿದ್ದರು. ಎರಡನೆಯ ಸಲ ನಿಮ್ಮ ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ಮ ಕೂಸು ಮಾಡಿದ್ದು ನೋಡ್ರಿ" ಎಂದು ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿಗೆ ಹೇಳಿದಳು. ನನ್ನ ಅಭಿಪ್ರಾಯ ಇಷ್ಟೇ. ಆ ಸಿನಿಮಾದಲ್ಲಿ ತಪ್ಪುಗಳಿವೆ, ಆದರೆ ಅದು ನನ್ನ ಸಿನಿಮಾ, ನಾಲ್ಕನೆಯ ಸಲ ಎಲ್ಲಿಯಾದರೂ ಹಾಕಿದರೆ ಮುದ್ದೇಬಿಹಾಳಕ್ಕಾದರೂ ಹೋಗುತ್ತೇನೆ. ಆ ಕೊಪ್ಪೆಯನ್ನು ಪರದೆಯ ಮೇಲೆ ತಂದ ಕೈ ಮೊಬೈಲಿಗೆ ಗಾಜು ಅಂಟಿಸುತ್ತಾ ಕೂರಬಾರದು.

ನಾಳೆ ಸಂಕ್ರಾಂತಿ. ಎಳ್ಳು ಬೆಲ್ಲ ಇಲ್ಲಿಂದಲೇ ನಿನ್ನ ಕೈಗೆ ಕೊಟ್ಟಿದ್ದೇನೆ ಎಂದುಕೋ. ನಿಮ್ಮಪ್ಪ ಕುರಿ ಹೊಡೆದುಕೊಂಡು ಹೋಗಿದ್ದಾನೆ, ಅವನೂ ನಿನ್ನನ್ನು ಕೇಳಿದ್ದಾನೆ. ಆಯಿ ಹೇಳಿದ್ದನ್ನೆಲ್ಲ ಬರೆದರೆ ಇನ್ನೊಂದು ಹಾಳೆ ಬೇಕು. ತಲೆಗೆ ಎಣ್ಣೆ ಹಚ್ಚಿಕೋ, ಹೊಟ್ಟೆ ತುಂಬ ಉಣ್ಣು, ಇಷ್ಟು ಸಾಕು. ಬೀರಪ್ಪ ದೇವರು ನಿನ್ನನ್ನು ತಂಪಾಗಿ ಇಟ್ಟಿರಲಿ.

ಇಂತಿ ನಿನ್ನ ಮುತ್ಯಾ,
ಧೂಳಪ್ಪ

ತಾ.ಕ.: ನಿಮ್ಮವ್ವ ಸಿಂದಗಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾಳೆ, ಕಾಗದ ಅವಳ ಕೈಯಲ್ಲೇ ಅಂಚೆಗೆ ಹೋಗಬೇಕು. ಬೇಗ ಬರೆಯುತ್ತೇನೆ. ಕಣ್ಣಿನ ವಿಷಯ ಮರೆತಿರಲಿಲ್ಲ, ಧೈರ್ಯ ಸಾಲದೆ ಮುಂದಕ್ಕೆ ಹಾಕುತ್ತಾ ಬಂದೆ. ನೀನು ಸಿನಿಮಾದ ಮೇಲಿನವರಿಗೆ "ಅಳತೆ ನಾನೇ ತಪ್ಪು ಕೊಟ್ಟೆ" ಎಂದು ಹೇಳಿ ಬೈಸಿಕೊಂಡೆಯಂತೆ. "ಮುತ್ಯಾಗ ಕಣ್ಣು ಕಾಣಂಗಿಲ್ಲಬೇ, ಚೀಟಿ ಓದಾಕ ಆಗಿಲ್ಲ, ಅವಗ ಏನೂ ಅನಬ್ಯಾಡ" ಎಂದು ಅವ್ವನಿಗೆ ಹೇಳಿದೆಯಂತೆ. ಮೊನ್ನೆ ಅವಳ ಬಾಯಿಂದ ಹೊರಬಿತ್ತು. ಪಲ್ಲವಿ, ನನ್ನ ಕಣ್ಣು ಚೆನ್ನಾಗಿ ಕಾಣುತ್ತವೆ. ಔಷಧದ ಸೀಸೆಯ ಮುಚ್ಚಳ ಕೂಡ ತೆಗೆದಿಲ್ಲ. ನಿನ್ನ ಚೀಟಿಯನ್ನು ಎರಡು ಸಲ ಓದಿದ್ದೆ. "ತೆಳ್ಳಗಿರಲಿ ಮುತ್ಯಾ, ಫ್ಯಾನಿನ ಗಾಳಿಗೂ ಹಾರಬೇಕು" ಎಂದು ನೀನು ಬರೆದು ಕೆಳಗೆ ಕೆಂಪು ಗೆರೆ ಎಳೆದಿದ್ದೆ. ಗಾಳಿಗೆ ಹಾರುವ ಕಂಬಳಿ ನೇಯ್ದರೆ ಧೂಳಪ್ಪನ ಮಗ್ಗದ ಮರ್ಯಾದೆ ಹೋಗುತ್ತದೆ, ಈ ಕೂಸಿಗೇನು ಗೊತ್ತು ಎಂದುಕೊಂಡು, ಬೇಕೆಂದೇ ಒತ್ತಾಗಿ ನೇಯ್ದು, ಇನ್ನೂ ಬಿರುಸಾಗಲೆಂದು ಹುಣಸೆ ಬೀಜದ ಗಂಜಿಯನ್ನು ಎರಡು ಸಲ ಹಚ್ಚಿದೆ. ಫೋನಿನಲ್ಲಿ "ನೀ ಹೇಳಿದಂಗ ನೇಯ್ದೇನವ್ವಾ" ಎಂದೆ. ಅದು ಸುಳ್ಳು. ಜನ ನಕ್ಕಿದ್ದು ನನ್ನ ಸೊಕ್ಕಿಗೆ, ಪೆಟ್ಟು ಬಿದ್ದಿದ್ದು ನಿನಗೆ. ತಪ್ಪಾಯಿತು ಕೂಸೇ. ನಿನ್ನ ಮೇಲಿನವರ ನಂಬರು ಪಾರ್ಸೆಲ್ಲಿನ ರಸೀದಿಯಲ್ಲಿತ್ತು, ನಿನ್ನೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಹೂಂ ಎಂದು ಫೋನ್ ಇಟ್ಟರು. ಜನ ನಕ್ಕ ಮೇಲೆ ಆಯಿಯಿಂದ ತೆಗೆಸಿದ ತೆಳ್ಳನೆಯ ನೂಲಿನಿಂದ, ನಿನ್ನ ಚೀಟಿಯನ್ನು ಮಗ್ಗದ ಎದುರಿನ ಗೋಡೆಗೆ ಅಂಟಿಸಿಕೊಂಡು, ಇನ್ನೊಂದು ನೇಯ್ದಿದ್ದೇನೆ. ಇವತ್ತು ಬೆಳಿಗ್ಗೆ ಅಂಗಳದ ಹಗ್ಗದ ಮೇಲೆ ಹಾಕಿ, ನೀರು ಕುಡಿದು ಬರುವಷ್ಟರಲ್ಲಿ ಅದು ಅಮೀನುದ್ದೀನನ ಮಾಳಿಗೆಯ ಮೇಲಿತ್ತು. ಹಾರುತ್ತದೆ ಪಲ್ಲವಿ. ಅಂಚು ಹೊಲಿಯದೆ ಹಾಗೇ ಇಟ್ಟಿದ್ದೇನೆ. ಯಂತ್ರ ಯಾರಿಗೂ ಕೊಡಬೇಡ.